ಅಡುಗೆಮನೆಯ ಸ್ಟೀಲ್ ಕಟ್ಟೆ: ಹೊಳಪು ಯಾರಿಗಾಗಿ?

ಅಡುಗೆಮನೆಗೆ ಸ್ಟೀಲಿನ ಕಟ್ಟೆ ಹಾಕಿಸಬೇಕೆ, ಕಲ್ಲಿನದೇ ಸಾಕೆ? ಈ ಪ್ರಶ್ನೆಯನ್ನು ಗಾರೆ ಕೆಲಸದವರ ಬಳಿ ಕೇಳಬಹುದು, ಅಂಗಡಿಯವರ ಬಳಿ ಕೇಳಬಹುದು. ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಓದುಗರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಕಳ್ಳತನ, ಸುಳ್ಳು, ಕುಡಿತ, ವರದಕ್ಷಿಣೆ ಇವೆಲ್ಲ ನೈತಿಕ ಪ್ರಶ್ನೆಗಳು. ಕಟ್ಟೆಯ ಮೇಲೆ ಹಾಸುವ ತಗಡು ಹೇಗೆ ನೈತಿಕ ಪ್ರಶ್ನೆಯಾದೀತು?

ಒಂದು ಕ್ಷಣ ಯೋಚಿಸೋಣ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಹೊತ್ತು ನಿಂತು ದುಡಿಯುವ ಜಾಗ ಯಾವುದು? ಬೆಳಗಿನ ಕಾಫಿಯಿಂದ ರಾತ್ರಿಯ ಕೊನೆಯ ಪಾತ್ರೆ ತೊಳೆಯುವವರೆಗೆ ಒಬ್ಬರು ನಿಂತಿರುವ ಜಾಗ ಅಡುಗೆ ಕಟ್ಟೆ. ಕ್ರಿಸ್ತಜಯಂತಿಯ ತಿಂಡಿ, ಮದುವೆಯ ಹಿಂದಿನ ದಿನದ ಗಡಿಬಿಡಿ, ಸಾವಿನ ಮನೆಗೆ ಕಳಿಸುವ ಗಂಜಿ, ಎಲ್ಲವೂ ಹಾದುಹೋಗುವುದು ಅದರ ಮೇಲಿಂದಲೇ. ಆ ಜಾಗಕ್ಕೆ ದುಡ್ಡು ಹಾಕಿ ಹೊಸದೊಂದನ್ನು ಕೂರಿಸುವಾಗ ನಾವು ಮೂರು ಬಗೆಯ ಜನರ ವಿಷಯದಲ್ಲಿ ತೀರ್ಮಾನ ಮಾಡುತ್ತೇವೆ. ಅಲ್ಲಿ ನಿಂತು ದುಡಿಯುವವರು, ಅದನ್ನು ಮಾಡಿಕೊಡುವವರು, ಅದನ್ನು ಬಂದು ನೋಡುವವರು. ಈ ಮೂವರಲ್ಲಿ ನಮ್ಮ ಮನಸ್ಸಿಗೆ ಮೊದಲು ಬರುವವರು ಯಾರು? ಇಷ್ಟು ಕೇಳಿದೊಡನೆ ಕಟ್ಟೆಯ ಪ್ರಶ್ನೆ ನೈತಿಕ ಪ್ರಶ್ನೆಯಾಗಿಬಿಡುತ್ತದೆ.

ನೆಲದಿಂದ ಕಟ್ಟೆಗೆ

ನಮ್ಮ ಅಜ್ಜಿಯರಿಗೆ ಅಡುಗೆ ಕಟ್ಟೆಯೇ ಇರಲಿಲ್ಲ. ನೆಲದ ಮೇಲೆ ಒಲೆ, ಪಕ್ಕದಲ್ಲಿ ರುಬ್ಬುವ ಕಲ್ಲು, ಈಳಿಗೆ ಮಣೆ, ತೆಂಗಿನಕಾಯಿ ತುರಿಯುವ ಮಣೆ. ಕುಳಿತೇ ಹೆಚ್ಚಬೇಕು, ಕುಳಿತೇ ಬೇಯಿಸಬೇಕು, ನೂರು ಸಲ ಏಳಬೇಕು. ಗ್ಯಾಸಿನ ಒಲೆ ಬಂದ ಮೇಲೆ ಅಡುಗೆಮನೆ ಎದ್ದು ನಿಂತಿತು. ಮೊದಲು ಕಡಪ ಕಲ್ಲಿನ ಚಪ್ಪಡಿ, ಆಮೇಲೆ ಗ್ರಾನೈಟ್, ಈಗ ಕೆಲವು ಮನೆಗಳಲ್ಲಿ ಸ್ಟೀಲ್. ಹೋಟೆಲು, ಆಸ್ಪತ್ರೆ, ಹಾಸ್ಟೆಲುಗಳ ಅಡುಗೆಮನೆಯಲ್ಲಿ ಬಹುಕಾಲದಿಂದ ಇದ್ದ ಸ್ಟೀಲಿನ ಮೇಜು ಈಗ ಮನೆಯೊಳಕ್ಕೆ ಬರುತ್ತಿದೆ.

ಸ್ಟೀಲ್ ನಮಗೆ ಹೊಸದೇನಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಆಗಾಗ ಕಲಾಯಿ ಹಾಕಿಸಬೇಕಿತ್ತು. ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಕೈ ಒಡೆಯುತ್ತಿತ್ತು. ಸ್ಟೀಲ್ ಪಾತ್ರೆ ಬಂದಾಗ ತಾಯಂದಿರು ನಿಟ್ಟುಸಿರು ಬಿಟ್ಟರು. ಮದುವೆಯಲ್ಲಿ ಕೊಡುವ ಡಬ್ಬಿ, ತಟ್ಟೆ, ಕೊಡಗಳ ಮೇಲೆ ಹೆಸರು ಕೊರೆಸುವ ರೂಢಿಯೂ ಬಂತು. ಆ ಹೆಸರುಗಳಲ್ಲಿ ಎಷ್ಟೋ ಮಂದಿ ಇಂದು ನಮ್ಮೊಡನಿಲ್ಲ. ತಟ್ಟೆ ಮಾತ್ರ ಇನ್ನೂ ಊಟಕ್ಕೆ ಬರುತ್ತಿದೆ.

ಈ ಲೋಹದ ಕಥೆ ಸ್ವಾರಸ್ಯವಾದದ್ದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತಿದ್ದರು. ಅವರು ಉಕ್ಕಿನ ಕಾರ್ಖಾನೆಯ ಕೂಲಿಗಾರನ ಮಗ. ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ಕಾರ್ಖಾನೆ ಸೇರಿ, ಕೆಲಸ ಮಾಡುತ್ತಲೇ ರಸಾಯನಶಾಸ್ತ್ರ ಕಲಿತವರು. ಕ್ರೋಮಿಯಂ ಬೆರೆಸಿದ ಉಕ್ಕಿನ ಮೇಲೆ ಆಮ್ಲ ಸುಲಭವಾಗಿ ನಾಟುವುದಿಲ್ಲ, ವಿನೆಗರ್, ನಿಂಬೆರಸಗಳಿಂದಲೂ ಅದಕ್ಕೆ ಕಲೆಯಾಗುವುದಿಲ್ಲ ಎಂಬುದನ್ನು ಅವರು ಕಂಡರು. ಬಂದೂಕಿಗೆಂದು ಹುಡುಕಿದ ಉಕ್ಕು ಊಟದ ಮೇಜಿನ ಚಾಕುವಾಯಿತು. ಸುಮಾರು ಅದೇ ಕಾಲದಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ನಿಕ್ಕಲನ್ನೂ ಬೆರೆಸಿದ ಉಕ್ಕು ತಯಾರಾಯಿತು. ಇಂದು ನಮ್ಮ ಕಟ್ಟೆಗೆ ಬರುವ ಸ್ಟೀಲ್ ಅದರ ವಂಶದ್ದು.

ಆಯುಧಕ್ಕೆಂದು ಹುಡುಕಿದ್ದು ಅನ್ನದ ಪಾತ್ರೆಯಾಯಿತು. ಹಾಗಾದರೆ ವಸ್ತುವಿನ ಒಳ್ಳೆಯತನ ವಸ್ತುವಿನಲ್ಲಿ ಮಾತ್ರ ಇರುವುದಿಲ್ಲ, ನಾವು ಅದನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದರಲ್ಲೂ ಇರುತ್ತದೆ. ನಮ್ಮ ವಿಚಾರವನ್ನು ಇಲ್ಲಿಂದಲೇ ಆರಂಭಿಸಬಹುದು.

ಬಳಕೆಯೇ ವಸ್ತುವಿನ ಧರ್ಮ

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದ ಮೊದಲ ಭಾಗದಲ್ಲಿ ಮನೆವಾರ್ತೆಯ ಬಗ್ಗೆ ಬರೆಯುತ್ತಾ ಚಪ್ಪಲಿಯ ಉದಾಹರಣೆ ಕೊಡುತ್ತಾನೆ. ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳಬಹುದು, ಮಾರಲೂಬಹುದು. ಎರಡೂ ಚಪ್ಪಲಿಯ ಉಪಯೋಗವೇ. ಆದರೆ ಅದು ಹುಟ್ಟಿದ್ದು ಕಾಲಿಗಾಗಿ. ಅದರ ಸ್ವಂತ ಉಪಯೋಗ ಒಂದು, ಅದಕ್ಕೆ ಅಂಟಿಕೊಂಡು ಬಂದ ಉಪಯೋಗ ಇನ್ನೊಂದು.

ನಮ್ಮ ಕಾಲದಲ್ಲಿ ಮೂರನೆಯ ಉಪಯೋಗವೊಂದು ಬಲವಾಗಿ ಬೆಳೆದಿದೆ: ತೋರಿಸುವುದು. ಮೆಟ್ಟುವುದಕ್ಕೂ ಅಲ್ಲ, ಮಾರುವುದಕ್ಕೂ ಅಲ್ಲ, ಇಂಥದ್ದು ನಮ್ಮ ಬಳಿ ಇದೆ ಎಂದು ಹೇಳುವುದಕ್ಕೆ ಕೊಳ್ಳುವುದು. ಕಪಾಟಿನ ಗಾಜಿನ ಹಿಂದಿನ ಪಿಂಗಾಣಿ ಬಟ್ಟಲು ಒಂದು ಸಲವೂ ಚಹಾ ಕಂಡಿರುವುದಿಲ್ಲ. ಸೋಫಾ ಪ್ಲಾಸ್ಟಿಕ್ ಹೊದಿಕೆಯೊಳಗೇ ಹಳೆಯದಾಗುತ್ತದೆ. ಪಿಂಗಾಣಿ ಬಟ್ಟಲಿನ ವಿಷಯದಲ್ಲಿ ಇದು ಸಣ್ಣ ಮಾತು. ಅಡುಗೆ ಕಟ್ಟೆಯ ವಿಷಯದಲ್ಲಿ ಸಣ್ಣ ಮಾತಲ್ಲ. ಏಕೆಂದರೆ ಕಟ್ಟೆ ಬಳಕೆಗೆ ಸಿಗದಿದ್ದರೆ ಅಡುಗೆ ನಿಲ್ಲುವುದಿಲ್ಲ. ಅಡುಗೆ ಮಾಡುವವರು ಬೇರೆ ಜಾಗ ಹುಡುಕಿಕೊಳ್ಳಬೇಕಾಗುತ್ತದೆ.

ಒಂದು ಮನೆಯ ಮಾತು

ಮೈಸೂರು ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಮನೆಗಳ ಆಶೀರ್ವಾದಕ್ಕೆ ಹೋಗಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಆ ಮನೆಯ ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಾನೆ. ತಂಗಿಯ ಮದುವೆಗೆ ಮುಂಚೆ ಅಡುಗೆಮನೆಯನ್ನು ಹೊಸದು ಮಾಡಿಸಿದ್ದ. ಗೋಡೆಯಿಂದ ಗೋಡೆಗೆ ಸ್ಟೀಲಿನ ಕಟ್ಟೆ, ಅದರಲ್ಲೇ ಬೆಸೆದ ಸಿಂಕು. ವಿದೇಶದ ಪುಸ್ತಕವೊಂದರ ಚಿತ್ರ ನೋಡಿ ಅಳತೆ ಕೊಟ್ಟಿದ್ದನಂತೆ, ಮೂವತ್ತಾರು ಇಂಚು ಎತ್ತರ. ನಾನು ಹೋದಾಗ ಮದುವೆ ಮುಗಿದು ವರ್ಷವಾಗಿತ್ತು. ಕಟ್ಟೆಯ ಮೇಲೆ ಕಾರ್ಖಾನೆಯಲ್ಲಿ ಅಂಟಿಸಿದ ನೀಲಿ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಸಿಂಕಿನ ಸುತ್ತ ಮಾತ್ರ ಅದು ಹರಿದು ಸುರುಟಿಕೊಂಡಿತ್ತು.

ತಾಯಿ ಎಲ್ಲಿ ಅಡುಗೆ ಮಾಡುತ್ತಾರೆ? ಹಿತ್ತಿಲಿನ ಶೀಟಿನ ಚಾವಣಿಯ ಕೆಳಗೆ, ಹಳೆಯ ಸೌದೆ ಒಲೆಯಲ್ಲಿ. ಆಕೆಗೆ ಅರವತ್ತು ದಾಟಿದೆ. ಐದಡಿಗೂ ಕಡಿಮೆ ಎತ್ತರ, ಬಗ್ಗಿದ ಬೆನ್ನು.

"ಯಾಕಮ್ಮಾ, ಒಳಗಡೆ ಇಷ್ಟು ಚೆನ್ನಾಗಿರೋ ಕಟ್ಟೆ ಇದೆಯಲ್ಲ?" ಎಂದೆ.

"ಅದು ಮಗ ಹಾಕ್ಸಿದ್ದು ಸ್ವಾಮಿ. ಗೀರು ಬಿದ್ರೆ ಮನ್ಸಿಗೆ ಬೇಜಾರು ಮಾಡ್ಕೋತಾನೆ. ಅಲ್ದೆ ನಂಗೆ ಎಟುಕೋದೂ ಇಲ್ಲ. ಮಣೆ ಹಾಕ್ಕೊಂಡು ನಿಂತ್ರೆ ಭಯ ಆಗ್ತದೆ" ಎಂದರು.

ಮುಂದೆ ಮಗ ರಜೆಗೆ ಬಂದಾಗ ಪೂಜೆ ಮುಗಿಸಿಕೊಂಡು ಮಾತಾಡಿಸಲು ಬಂದ. ಕಟ್ಟೆಯ ಮಾತೆತ್ತಿದೆ. ಅವನ ಮುಖ ಸಣ್ಣಗಾಯಿತು. "ಅಮ್ಮಂಗೆ ಕಷ್ಟ ಆಗಬಾರದು ಅಂತಲೇ ಹಾಕಿಸಿದ್ದು ಸ್ವಾಮಿ. ನನ್ನ ಎರಡು ವರ್ಷದ ಉಳಿತಾಯ ಅದು" ಎಂದ. ಸುಳ್ಳು ಹೇಳಿದವನಲ್ಲ. ತಾಯಿಯ ಮೇಲಿನ ಪ್ರೀತಿಯಿಂದಲೇ ಮಾಡಿದ್ದ. ತಾಯಿಯೂ ಮಗನ ಮೇಲಿನ ಪ್ರೀತಿಯಿಂದಲೇ ಅದನ್ನು ಮುಟ್ಟದೆ ಇಟ್ಟಿದ್ದರು. ಎರಡು ಕಡೆಯೂ ಪ್ರೀತಿ, ನಡುವೆ ಬಳಸದ ಒಂದು ಕಟ್ಟೆ, ಹಿತ್ತಿಲಲ್ಲಿ ಹೊಗೆ.

ತಪ್ಪು ಯಾರದು? ಆಡಂಬರದ ಮೇಲೆ ಪ್ರಸಂಗ ಮಾಡಿದರೆ ಈ ಮನೆಗೆ ಅನ್ಯಾಯವಾಗುತ್ತದೆ. ಇಲ್ಲಿ ಕೊರತೆಯಾದದ್ದು ಪ್ರೀತಿಯಲ್ಲ, ಒಂದು ಪ್ರಶ್ನೆ. "ಅಮ್ಮಾ, ನಿನಗೆ ಎಷ್ಟು ಎತ್ತರ ಬೇಕು?" ಎಂದು ಯಾರೂ ಕೇಳಿರಲಿಲ್ಲ. ಕೇಳದೆ ಕೊಟ್ಟ ಕೊಡುಗೆ ಕೆಲವೊಮ್ಮೆ ಪಡೆದವರ ಮೇಲೆಯೇ ಹೊರೆಯಾಗಿ ಕೂರುತ್ತದೆ. ಅದನ್ನು ಕಾಯುವ ಕೆಲಸವೂ ಅವರಿಗೇ ಬೀಳುತ್ತದೆ.

ಆ ರಜೆಯಲ್ಲೇ ಮಗ ನೀಲಿ ಹಾಳೆಯನ್ನು ಕಿತ್ತುಹಾಕಿದ. ಬಿಸಿಲು, ಒಲೆಯ ಶಾಖಕ್ಕೆ ಅಂಟು ಗಟ್ಟಿಯಾಗಿ ಅರ್ಧ ದಿನ ಹಿಡಿಯಿತಂತೆ. ಕಿಟಕಿಯ ಪಕ್ಕದಲ್ಲಿ ತಾಯಿಯ ಅಳತೆಗೆ ಸರಿಯಾಗಿ ತಗ್ಗಾದ ಇನ್ನೊಂದು ಮೇಜು ಮಾಡಿಸಿದ. ಹಿತ್ತಿಲಿನ ಒಲೆ ಇನ್ನೂ ಇದೆ. ಭಾನುವಾರದ ಮಾಂಸದ ಸಾರು ಅಲ್ಲೇ ಆಗಬೇಕೆಂದು ತಾಯಿಯ ಹಟ. ಅದು ಆಕೆಯ ಇಷ್ಟ, ಬಲವಂತವಲ್ಲ. ಈ ವ್ಯತ್ಯಾಸ ದೊಡ್ಡದು.

ಗೀರಿನ ಭಯ

ಸ್ಟೀಲ್ ಕಟ್ಟೆಗೆ ಗೀರು ಬೀಳುತ್ತದೆಯೇ? ಖಂಡಿತ ಬೀಳುತ್ತದೆ. ಮೊದಲ ವಾರವೇ ಬೀಳುತ್ತದೆ. ಕನ್ನಡಿಯಂತೆ ಹೊಳೆಯುವ ಹಾಳೆಯಲ್ಲಿ ಎದ್ದು ಕಾಣುತ್ತದೆ, ಸಣ್ಣ ಗೆರೆಗಳಿರುವ ಮಂಕು ಹಾಳೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಒಂದೆರಡು ವರ್ಷದಲ್ಲಿ ಸಾವಿರ ಗೀರುಗಳು ಒಂದರೊಳಗೊಂದು ಬೆರೆತು ಇಡೀ ಕಟ್ಟೆ ಒಂದೇ ಬಗೆಯ ಮೆದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹೊಸ ಗೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೀರು ಬಿದ್ದರೆ ತುಕ್ಕು ಹಿಡಿಯುವುದಿಲ್ಲವೆ? ಇಲ್ಲಿ ಈ ಲೋಹದ ಗುಟ್ಟು ತಿಳಿದುಕೊಳ್ಳಬೇಕು. ತುಕ್ಕು ಹಿಡಿಯದ ಉಕ್ಕಿನಲ್ಲಿ ಕನಿಷ್ಠ ಶೇಕಡಾ ಹತ್ತೂವರೆಯಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟುತ್ತದೆ. ಆ ಪೊರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಕಣ್ಣಿಗೆ ಕಾಣದು. ಚಾಕು ತಾಗಿ ಗೀರು ಬಿದ್ದರೆ ಪೊರೆ ಹರಿಯುತ್ತದೆ. ಗಾಳಿ ತಾಗಿದೊಡನೆ ಅದೇ ಜಾಗದಲ್ಲಿ ಹೊಸ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಬಣ್ಣ ಬಳಿದ ಕಬ್ಬಿಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬಣ್ಣ ಹೊರಗಿನಿಂದ ಬಂದದ್ದು, ಹೋದರೆ ಹೋಯಿತು. ಈ ಪೊರೆ ಲೋಹದ ಒಳಗಿನಿಂದಲೇ ಹುಟ್ಟುವುದು.

ಹಾಗಾದರೆ ಸ್ಟೀಲಿಗೆ ಅಪಾಯ ಯಾವುದರಿಂದ? ಉಪ್ಪುನೀರು ನಿಂತರೆ, ಉಪ್ಪಿನಕಾಯಿಯ ರಸ ಚೆಲ್ಲಿ ಹಾಗೇ ಒಣಗಿದರೆ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯದೆ ಬಿಟ್ಟರೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಒದ್ದೆ ಬಟ್ಟೆ ಅಥವಾ ಕಬ್ಬಿಣದ ಕಾವಲಿ ರಾತ್ರಿಯಿಡೀ ಅದೇ ಜಾಗದಲ್ಲಿದ್ದರೆ ಕಲೆಯಾಗುತ್ತದೆ. ಗಾಳಿ ಆಡದ ಸಂದಿಯಲ್ಲಿ, ಮುಚ್ಚಿಟ್ಟ ತೇವದಲ್ಲಿ ಪೊರೆ ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಅಂದರೆ ಬಳಸಿ, ತೊಳೆದು, ಒರೆಸಿ, ಗಾಳಿಗೆ ಬಿಟ್ಟ ಕಟ್ಟೆ ಉಳಿಯುತ್ತದೆ. ಮುಚ್ಚಿಟ್ಟು ಕಾದ ಕಟ್ಟೆಗೇ ಅಪಾಯ ಹೆಚ್ಚು.

ಲೋಹಕ್ಕೆ ಆತ್ಮವಿಲ್ಲ, ಅದರಿಂದ ದೊಡ್ಡ ಧರ್ಮಪಾಠ ಹಿಂಡುವುದು ಬೇಡ. ಆದರೂ ಇಷ್ಟು ಹೇಳಬಹುದು. ಗೀರೇ ಬೀಳಬಾರದೆಂದು ಹೆದರಿ ಬದುಕುವ ಮನೆಯಲ್ಲಿ ವಸ್ತುಗಳೂ ಸುಖವಾಗಿರುವುದಿಲ್ಲ, ಜನರೂ ಸುಖವಾಗಿರುವುದಿಲ್ಲ. ಮಗು ಚಮಚ ಬೀಳಿಸಿದರೆ ಮೊದಲು ಕಟ್ಟೆಯತ್ತ ನೋಡುತ್ತೇವೋ, ಮಗುವಿನತ್ತ ನೋಡುತ್ತೇವೋ? ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಒರಟು ತಂತಿಯಿಂದ ಉಜ್ಜಿದಳೆಂದು ನಾಲ್ಕು ಜನರ ಮುಂದೆ ಬೈದರೆ, ಕಟ್ಟೆಯ ಗೀರಿಗಿಂತ ಆಳವಾದ ಗೀರು ಇನ್ನೊಂದು ಕಡೆ ಬಿದ್ದಿರುತ್ತದೆ. ಅದರ ಮೇಲೆ ಪೊರೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ.

ಅತಿಯೂ ದೋಷ, ಕೊರತೆಯೂ ದೋಷ

ಹಾಗಾದರೆ ಹೊಸ ಕಟ್ಟೆಯೇ ಬೇಡ, ಸರಳ ಜೀವನವೇ ಸಾಕು ಎನ್ನೋಣವೆ? ಹಾಗೆ ಹೇಳುವುದು ಸುಲಭ, ಅದರಲ್ಲೂ ಅಡುಗೆ ಮಾಡದವರಿಗೆ. ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಬಟ್ಟೆಬರೆಗಳ ವಿಷಯದಲ್ಲಿ ಮಾಡಿದ ವಿವೇಚನೆ ಇಲ್ಲಿ ನೆರವಿಗೆ ಬರುತ್ತದೆ. ಹೊರಗಿನ ವಸ್ತುಗಳಲ್ಲಿ ದೋಷವಿಲ್ಲ, ಅವುಗಳನ್ನು ಮಿತಿ ಮೀರಿ ಬಳಸುವ ಮನುಷ್ಯನಲ್ಲಿ ದೋಷವಿದೆ ಎಂಬುದು ಅವರ ನಿಲುವು. ಮನಸ್ಸು ಮಿತಿ ಮೀರುವ ಮೂರು ದಾರಿಗಳನ್ನು ಅವರು ಗುರುತಿಸುತ್ತಾರೆ: ಜನರ ಹೊಗಳಿಕೆಗಾಗಿ, ಬರೀ ದೇಹಸುಖಕ್ಕಾಗಿ, ಇವೆರಡೂ ಇಲ್ಲದಿದ್ದರೂ ಅತಿಯಾದ ಆತಂಕದಿಂದ.

ಕಟ್ಟೆಗೆ ಇದನ್ನು ಹೊಂದಿಸಿ ನೋಡಿ. ಪಕ್ಕದ ಮನೆಯವರು ಹಾಕಿಸಿದರು, ನಾವೂ ಹಾಕಿಸಬೇಕು ಎಂಬುದು ಮೊದಲನೆಯದು. ಇರುವುದು ಗಟ್ಟಿಯಾಗಿದ್ದರೂ ಮೂರು ವರ್ಷಕ್ಕೊಮ್ಮೆ ಹೊಸದು ಬೇಕು ಎಂಬುದು ಎರಡನೆಯದು. ಹಾಕಿಸಿದ ಮೇಲೆ ದಿನಕ್ಕೆ ಹತ್ತು ಸಲ ಒರೆಸುತ್ತಾ, ಯಾರು ಮುಟ್ಟಿದರು ಎಂದು ಬೆರಳಚ್ಚು ಹುಡುಕುತ್ತಾ ಕೂರುವುದು ಮೂರನೆಯದು. ನಮ್ಮ ಮನೆಗಳಲ್ಲಿ ಈ ಮೂರನೆಯದೇ ಹೆಚ್ಚು. ಅದನ್ನು ನಾವು ದೋಷವೆಂದು ಗುರುತಿಸುವುದೇ ಇಲ್ಲ, ಅಚ್ಚುಕಟ್ಟುತನ ಎಂದು ಹೊಗಳುತ್ತೇವೆ.

ಆದರೆ ತೋಮಸರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಕೊರತೆಯಲ್ಲೂ ದೋಷವಿದೆ ಎನ್ನುತ್ತಾರೆ. ಮಾಡಬೇಕಾದ ಕಾಳಜಿಯನ್ನು ಮಾಡದೆ ಉದಾಸೀನ ತೋರುವುದು ಸರಳತೆಯಲ್ಲ. ಮುಂದಿನ ಕೋಣೆಗೆ ದೊಡ್ಡ ಟಿ.ವಿ. ಬಂದಿದೆ, ಅಂಗಳದಲ್ಲಿ ಹೊಸ ಬೈಕು ನಿಂತಿದೆ. ಅಡುಗೆಮನೆಯಲ್ಲಿ ಮಾತ್ರ ಒಡೆದ ಚಪ್ಪಡಿಯ ಸಂದಿಯಲ್ಲಿ ಜಿರಲೆ, ಸೋರುವ ಸಿಂಕಿನ ಕೆಳಗೆ ಬಕೆಟ್ಟು. "ಇಷ್ಟು ದಿನ ನಡೀತಲ್ಲ" ಎನ್ನುವ ಗಂಡಸಿನ ಮಾತು ಸರಳತೆಯ ಮಾತಲ್ಲ. ಆ ಕಷ್ಟ ತನ್ನದಲ್ಲ ಎಂಬ ನಿಶ್ಚಿಂತೆಯ ಮಾತು. ಜಗದ್ಗುರು ಎರಡನೇ ಜಾನ್ ಪಾಲರು ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ, ಮನೆಯ ಭಾರವನ್ನು ದಿನವೂ ಹೊರುವ ಸ್ತ್ರೀಯರ ದುಡಿಮೆಯನ್ನು ಸಮಾಜ ಮಾತ್ರವಲ್ಲ, ಕೆಲವೊಮ್ಮೆ ಸ್ವಂತ ಕುಟುಂಬವೇ ಸರಿಯಾಗಿ ಗುರುತಿಸುವುದಿಲ್ಲ ಎಂದು ನೆನಪಿಸಿದರು. ಒಡೆದ ಕಟ್ಟೆ ಅದಕ್ಕೆ ಮೂಕ ಸಾಕ್ಷಿ.

ಆದ್ದರಿಂದ ಸ್ಟೀಲ್ ಕಟ್ಟೆ ಆಡಂಬರವೋ ಅಲ್ಲವೋ ಎಂಬುದನ್ನು ಬೆಲೆ ನೋಡಿ ಹೇಳಲಾಗದು. ಅದೇ ಕಟ್ಟೆ ಒಂದು ಮನೆಯಲ್ಲಿ ನ್ಯಾಯ, ಇನ್ನೊಂದು ಮನೆಯಲ್ಲಿ ಜಂಬ.

ಮಾಡಿದ ಕೈಗಳು

ಇನ್ನು ಎರಡನೆಯ ಗುಂಪಿನವರು, ಅದನ್ನು ಮಾಡಿಕೊಡುವವರು. ಹಾಳೆಯನ್ನು ಅಳತೆಗೆ ಕತ್ತರಿಸಿ, ಅಂಚು ಮಡಿಸಿ, ಬೆಸುಗೆ ಹಾಕಿ, ಬೆಸುಗೆಯ ಗುರುತು ಕಾಣದಂತೆ ಉಜ್ಜಿ ನಯ ಮಾಡುವ ಕೆಲಸ ಸುಲಭದ್ದಲ್ಲ. ಕತ್ತರಿಸಿದ ಸ್ಟೀಲಿನ ಅಂಚು ಚಾಕುವಿನಷ್ಟೇ ಹರಿತ. ಉಜ್ಜುವಾಗ ಏಳುವ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಕೈಗವಸು, ಕನ್ನಡಕ ಇಲ್ಲದೆ ದುಡಿಯುವ ಹುಡುಗರನ್ನು ನಾವು ನೋಡಿಲ್ಲವೆ? ಕೊನೆಯಲ್ಲಿ ಐನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದೆವೆಂದು ಬೀಗುವ ಮುನ್ನ ಆ ಐನೂರು ಯಾರ ಕೂಲಿಯಿಂದ ಕಡಿತವಾಗುತ್ತದೆ ಎಂದು ಯೋಚಿಸಬೇಕು.

ಕೊಳ್ಳುವವರಿಗೆ ಮೋಸವಾಗುವ ದಾರಿಯೂ ಇದೆ. ಮನೆಯ ಕಟ್ಟೆಗೆ ಒಳ್ಳೆಯದೆಂದು ಹೇಳುವುದು 304 ದರ್ಜೆಯ ಸ್ಟೀಲನ್ನು. ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. 202 ದರ್ಜೆಯದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಬೆಲೆ ಕಡಿಮೆ, ತುಕ್ಕನ್ನು ತಡೆಯುವ ಶಕ್ತಿಯೂ ಕಡಿಮೆ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಆದರೆ ಸಾಮಾನ್ಯವಾಗಿ ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ಮೇಲು. ದಪ್ಪದಲ್ಲೂ ಹೀಗೆಯೇ. ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆ ಒಂದು ಚದರ ಮೀಟರಿಗೆ ಸುಮಾರು ಹನ್ನೆರಡು ಕಿಲೋ ತೂಗುತ್ತದೆ. ತೂಕ ನೋಡಿದರೆ ನಿಜ ಗೊತ್ತಾಗುತ್ತದೆ. ಈ ವ್ಯಾಪಾರದಲ್ಲಿರುವ ನಮ್ಮ ಜನರೂ ಇದ್ದಾರೆ. ಕಡಿಮೆ ದರ್ಜೆಯದನ್ನು ಮಾರುವುದು ಪಾಪವಲ್ಲ, ಅದನ್ನು ಅದರ ಹೆಸರಿನಿಂದಲೇ ಮಾರಿದರೆ. ಕಣ್ಣಿಗೆ ಕಾಣದ ವ್ಯತ್ಯಾಸದಲ್ಲಿಯೇ ಪ್ರಾಮಾಣಿಕತೆಯ ಪರೀಕ್ಷೆ.

ಇನ್ನೂ ದೂರದ ಕೈಗಳಿವೆ. ನಮ್ಮ ದೇಶದ ಕ್ರೋಮಿಯಂ ಅದಿರಿನ ಬಹುಪಾಲು ಒಡಿಶಾದ ಜಾಜ್‌ಪುರ ಜಿಲ್ಲೆಯ ಸುಕಿಂದಾ ಕಣಿವೆಯಿಂದ ಬರುತ್ತದೆ. ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಸುತ್ತಲೂ ಈ ಅದಿರನ್ನು ತೆಗೆದದ್ದುಂಟು. ಸುಕಿಂದಾದ ತೆರೆದ ಗಣಿಗಳಿಂದ ವಿಷಕಾರಿ ರೂಪದ ಕ್ರೋಮಿಯಂ ನೀರಿಗೆ ಸೇರಿ, ಅಮೆರಿಕದ ಪರಿಸರ ಸಂಸ್ಥೆಯೊಂದು 2007ರಲ್ಲಿ ಪ್ರಕಟಿಸಿದ ಜಗತ್ತಿನ ಹತ್ತು ಅತಿ ಕಲುಷಿತ ಸ್ಥಳಗಳ ಪಟ್ಟಿಯಲ್ಲಿ ಆ ಕಣಿವೆಯ ಹೆಸರು ಬಂತು. ನಮ್ಮ ಕಟ್ಟೆಯಲ್ಲಿ ಆ ವಿಷವಿಲ್ಲ, ಹೆದರಬೇಕಾಗಿಲ್ಲ. ಆದರೆ ನಮ್ಮ ಕಟ್ಟೆ ಶುಭ್ರವಾಗಿರುವುದಕ್ಕೆ ಇನ್ನೊಬ್ಬರ ಬಾವಿ ಬೆಲೆ ತೆತ್ತಿರಬಹುದು ಎಂಬುದನ್ನು ತಿಳಿದವರು, ಗಟ್ಟಿಯಾಗಿರುವ ವಸ್ತುವನ್ನು ಬರೀ ಬೇಸರಕ್ಕೆ ಎಸೆಯುವುದಿಲ್ಲ. ಒಮ್ಮೆ ಹಾಕಿಸಿದ್ದನ್ನು ಮೊಮ್ಮಕ್ಕಳ ಕಾಲದವರೆಗೆ ಬಳಸುವುದು, ಕಿತ್ತರೂ ಕರಗಿಸಿ ಮತ್ತೆ ಲೋಹವಾಗಲು ಕೊಡುವುದು ನಮ್ಮಿಂದಾಗುವ ಸಣ್ಣ ನ್ಯಾಯ.

ಬೆನೆಡಿಕ್ಟರ ಅಡುಗೆಮನೆ

ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ಅಡುಗೆಮನೆಯ ವಿಷಯಕ್ಕೆ ಅಧ್ಯಾಯಗಳೇ ಇವೆ. 31ನೇ ಅಧ್ಯಾಯದಲ್ಲಿ, ಮಠದ ಉಗ್ರಾಣ ನೋಡಿಕೊಳ್ಳುವವನು ಅಲ್ಲಿಯ ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂಬ ಸೂಚನೆಯಿದೆ. ಹಾಗೆಂದರೆ ಬಳಸದೆ ಪೂಜಿಸುವುದೇ? ಅಲ್ಲ. ಬಲಿಪೀಠದ ಪಾತ್ರೆ ದಿನವೂ ಬಳಕೆಗೆ ಬರುತ್ತದೆ. ಬಳಸಿದ ಮೇಲೆ ತೊಳೆದು, ಒರೆಸಿ, ಜಾಗದಲ್ಲಿಡುತ್ತೇವೆ. ಗೌರವ ಎಂಬುದು ಮುಟ್ಟದಿರುವುದರಲ್ಲಿ ಇಲ್ಲ, ಎಚ್ಚರದಿಂದ ಮುಟ್ಟುವುದರಲ್ಲಿ ಇದೆ.

35ನೇ ಅಧ್ಯಾಯ ಇನ್ನೂ ಹತ್ತಿರದ್ದು. ಮಠದಲ್ಲಿ ಎಲ್ಲರೂ ವಾರದ ಸರದಿಯಂತೆ ಅಡುಗೆಮನೆಯ ಸೇವೆ ಮಾಡಬೇಕು. ಕಾಯಿಲೆಯವರಿಗೆ, ತಪ್ಪಿಸಲಾಗದ ದೊಡ್ಡ ಜವಾಬ್ದಾರಿ ಇದ್ದವರಿಗೆ ಮಾತ್ರ ವಿನಾಯಿತಿ. ಬಲವಿಲ್ಲದವರಿಗೆ ಸಹಾಯಕರನ್ನು ಕೊಡಬೇಕು. ವಾರ ಮುಗಿಸುವವನು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ, ಮುಕ್ಕಾಗದಂತೆ ಒಪ್ಪಿಸಬೇಕು. ಒಂದೂವರೆ ಸಾವಿರ ವರ್ಷಗಳ ಹಿಂದೆ ಗಂಡಸರೇ ಇದ್ದ ಮನೆಯಲ್ಲಿ ಈ ಕೆಲಸಕ್ಕೆ ಯಾರೂ ಸಣ್ಣವರಾಗಲಿಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಕಟ್ಟೆಗೆ ದುಡ್ಡು ಕೊಟ್ಟವರು ಒಬ್ಬರು, ಒರೆಸುವವರು ಇನ್ನೊಬ್ಬರು. ದುಡ್ಡು ಕೊಟ್ಟದ್ದರಿಂದಲೇ ತಮ್ಮ ಕರ್ತವ್ಯ ಮುಗಿಯಿತೆಂದು ಅನೇಕ ಗಂಡಂದಿರು, ಗಂಡುಮಕ್ಕಳು ತಿಳಿದಿದ್ದಾರೆ. ಹೊಸ ಕಟ್ಟೆಯ ನಿಜವಾದ ಆಶೀರ್ವಾದ ಆಗುವುದು, ಊಟವಾದ ಮೇಲೆ ಆ ಕೈಗಳೂ ಒರೆಸುವ ಬಟ್ಟೆ ಹಿಡಿದ ದಿನ.

ಹಾಕಿಸುವ ಮುನ್ನ

ಹಾಕಿಸಲು ನಿರ್ಧರಿಸಿದವರಿಗೆ ಕೆಲವು ಮಾತು. ಮೊದಲನೆಯದಾಗಿ, ಅಲ್ಲಿ ದಿನವೂ ನಿಲ್ಲುವವರನ್ನು ಕರೆದು ನಿಲ್ಲಿಸಿ. ಕೈ ಮಡಿಸಿದಾಗ ಮೊಣಕೈ ಇರುವ ಎತ್ತರಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದರೆ ಬೆನ್ನಿಗೂ ಭುಜಕ್ಕೂ ಹಿತ. ಚಪಾತಿ ಲಟ್ಟಿಸುವ ಜಾಗ ಇನ್ನೂ ಸ್ವಲ್ಪ ತಗ್ಗಿದ್ದರೆ ಒಳ್ಳೆಯದು. ಚಿತ್ರದ ಪುಸ್ತಕದ ಅಳತೆ ಚಿತ್ರದಲ್ಲಿರುವವರಿಗೆ.

ಎರಡನೆಯದಾಗಿ, ಹಾಳೆಯ ಕೆಳಗೆ ನೀರು ತಡೆಯುವ ಒಳ್ಳೆಯ ಪ್ಲೈವುಡ್ ಕೊಡಿಸಿ. ಇಲ್ಲದಿದ್ದರೆ ಪಾತ್ರೆ ಇಟ್ಟಾಗಲೆಲ್ಲ ತಮಟೆಯ ಸದ್ದು, ಭಾರಕ್ಕೆ ತಗ್ಗು. ಮುಂಚಿನ ಅಂಚನ್ನು ಒಳಕ್ಕೆ ಮಡಿಸಿರಬೇಕು, ಮಕ್ಕಳ ಹಣೆ ಸರಿಯಾಗಿ ಆ ಎತ್ತರಕ್ಕೇ ಬರುತ್ತದೆ. ಮಿಕ್ಸಿ, ಗ್ರೈಂಡರ್ ಲೋಹದ ಕಟ್ಟೆಯ ಮೇಲೆ ಕೂರುವುದರಿಂದ ವೈರಿಂಗು, ಅರ್ತಿಂಗು ಸರಿಯಾಗಿದೆಯೇ ಎಂದು ತಿಳಿದವರಿಂದ ನೋಡಿಸಿ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಇಡದೆ ಮಣೆಯ ಮೇಲಿಡಿ. ನೀಲಿ ಹಾಳೆಯನ್ನು ಕೆಲಸ ಮುಗಿದ ದಿನವೇ ತೆಗೆಯಿರಿ.

ಮೂರನೆಯದಾಗಿ, ಸಾಲ ಮಾಡಿ ಹಾಕಿಸಬೇಡಿ. ಅಡುಗೆಮನೆಯ ಹೊಳಪಿಗಾಗಿ ಅಡುಗೆಯ ಸಾಮಾನಿಗೇ ಕೈ ಬಿಗಿಯಾದರೆ ಏನು ಬಂತು? ಗಟ್ಟಿಯಾದ ಕಡಪ ಕಲ್ಲು ಇದ್ದರೆ, ಅಲ್ಲಿ ದುಡಿಯುವವರಿಗೆ ಅದರಿಂದ ತೊಂದರೆಯಿಲ್ಲದಿದ್ದರೆ, ಅದೇ ಇರಲಿ. ಸೋರುವ ಸಿಂಕನ್ನು ಸರಿಪಡಿಸಿ, ಬೆಳಕಿಗೆ ಒಂದು ಒಳ್ಳೆಯ ದೀಪ ಹಾಕಿಸಿ. ಕೆಲವೊಮ್ಮೆ ಅಷ್ಟೇ ಸಾಕಾಗಿರುತ್ತದೆ.

ಕೊನೆಯದಾಗಿ ಒಂದು ಮಾತು. ಮನೆಗೆ ಬಂದವರು ಕಟ್ಟೆ ನೋಡಿ ಚೆನ್ನಾಗಿದೆ ಎಂದರೆ ಸಂತೋಷ, ಅನ್ನದಿದ್ದರೂ ಚಿಂತೆಯಿಲ್ಲ. ಅವರು ನೋಡುವವರು, ಮೂರನೆಯ ಸಾಲಿನವರು. ಅವರಿಗೆ ಬೇಕಾದದ್ದು ಕಟ್ಟೆಯಲ್ಲ, ಅದರ ಮೇಲಿಂದ ಬರುವ ಒಂದು ಲೋಟ ಕಾಫಿ, ಅದನ್ನು ಕೊಡುವವರ ನಗುಮುಖ. ಬೆನ್ನು ನೋಯುತ್ತಾ ನಿಂತವರ ಮುಖದಲ್ಲಿ ಆ ನಗು ಬರುವುದು ಕಷ್ಟ. ಹಾಗಾಗಿ ಯಾವ ಲೋಹ, ಯಾವ ಕಲ್ಲು, ಯಾವ ಬೆಲೆ ಎಂದು ಅಂಗಡಿಯಲ್ಲಿ ಕೇಳುವ ಮುನ್ನ ಮನೆಯಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಮನೆಯಲ್ಲೇ ಕೇಳಿಬಿಡೋಣ. ತಾಯಿಯನ್ನು, ಹೆಂಡತಿಯನ್ನು, ಅಡುಗೆಗೆ ಬರುವವರನ್ನು ಕೂರಿಸಿಕೊಂಡು, ನಿಮಗೆ ಹೇಗಿದ್ದರೆ ಅನುಕೂಲ ಎಂದು ಕೇಳೋಣ. ಉತ್ತರಕ್ಕೆ ಸ್ವಲ್ಪ ಕಾಯಬೇಕಾದೀತು. ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆಗೆ ಉತ್ತರ ತಕ್ಷಣ ಬರುವುದಿಲ್ಲ.